ಮಡಿಸಿಟ್ಟ ಅಂಗಿ

ಕಳೆದ ತಿಂಗಳು ಸಹಕಾರನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಹಬ್ಬಕ್ಕೆ ಮುಂಚಿನ ಮನೆ ಶುಚಿಗೊಳಿಸುವ ಕಾರ್ಯ ಭರದಿಂದ ನಡೆದಿತ್ತು. ಬೀರುವಿನಿಂದ ಹೊರಬಂದ ಹಳೆಯ ಬಟ್ಟೆಗಳನ್ನು ಮಗಳು ಎರಡು ರಾಶಿ ಮಾಡಿದ್ದಳು. ಒಂದು ಯಾರಿಗಾದರೂ ಕೊಡುವುದಕ್ಕೆ, ಇನ್ನೊಂದು ನೆಲ ಒರೆಸುವುದಕ್ಕೆ. ಎರಡನೆಯ ರಾಶಿಯ ಮೇಲೆ ಬಣ್ಣ ಮಾಸಿದ ಒಂದು ನೀಲಿ ಜೆರ್ಸಿ ಬಿದ್ದಿತ್ತು. ಪಿಯುಸಿ ಓದುತ್ತಿರುವ ಮೊಮ್ಮಗ ಕಾಲೇಜಿನಿಂದ ಬಂದವನು ಹೆಗಲ ಮೇಲಿನ ಚೀಲವನ್ನೂ ಇಳಿಸದೆ ಅದನ್ನು ಎತ್ತಿಕೊಂಡು, "ಅಮ್ಮಾ, ಇದನ್ನ ಇಲ್ಲಿ ಯಾರು ಹಾಕಿದ್ದು?" ಎಂದು ಕೂಗಿದ. "ನಿನಗೆ ಈಗ ಅದು ತೋಳಿಗೂ ಏರಲ್ಲ ಕಣೋ" ಎಂದಳು ಮಗಳು. "ಏರದಿದ್ರೆ ಬೇಡ, ಒರೆಸೋಕಂತೂ ಕೊಡಲ್ಲ" ಎಂದು ಅದನ್ನು ಮಡಿಸಿ ತನ್ನ ಪುಸ್ತಕಗಳ ಹಿಂದೆ ಇಟ್ಟುಕೊಂಡ. ಮಡಿಸುವಾಗ ಬೆನ್ನಿನ ಮೇಲಿನ ಹೆಸರು ಕಂಡಿತು. ಅಂಟಿಸಿದ ಅಕ್ಷರಗಳು ಅರ್ಧ ಎದ್ದುಹೋಗಿದ್ದರೂ ಓದಲು ತೊಂದರೆಯಿರಲಿಲ್ಲ: ಡಿಮಾಸ್.

ಗಣಿತದ ಮೇಷ್ಟ್ರಿಗೂ ಫುಟ್‌ಬಾಲಿಗೂ ಎಲ್ಲಿಯ ನಂಟು ಎಂದು ನನ್ನ ಹಳೆಯ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಕೆಲವರು ನಗಬಹುದು. 1993ರ ತಂಡದಲ್ಲಿದ್ದವರು ಮಾತ್ರ ನಗಲಾರರು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದನ್ನು ಬರೆಯಲೆಂದೇ ಈ ಲೇಖನಕ್ಕೆ ಕುಳಿತದ್ದಾದರೂ ನೇರವಾಗಿ ಅಲ್ಲಿಗೇ ಹೋಗಲು ಮನಸ್ಸು ಹಿಂಜರಿಯುತ್ತಿದೆ.

ಡಿಮಾಸ್ ಡೆಲ್ಗಾಡೊ ಸ್ಪೇನ್ ದೇಶದ ಆಟಗಾರ. 2017ರಿಂದ 2021ರವರೆಗೆ ನಮ್ಮ ಬೆಂಗಳೂರು ಎಫ್‌ಸಿ ತಂಡದ ನಡುಗೆರೆಯಲ್ಲಿ ಆಡಿದವರು. ಓಟದಲ್ಲಿ ಅಂಥ ವೇಗವೇನೂ ಇರಲಿಲ್ಲ. ಆದರೆ ಚೆಂಡು ಎಲ್ಲಿಗೆ ಬೇಕೋ ಅಲ್ಲಿಗೆ ಹೋಗುತ್ತಿತ್ತು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಅಂತಿಮ ಪಂದ್ಯ. ಎದುರಾಳಿ ಗೋವಾ. ತೊಂಬತ್ತು ನಿಮಿಷ ಕಳೆದು, ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದು, ಇನ್ನು ಪೆನಾಲ್ಟಿಯೇ ಗತಿ ಎಂದುಕೊಂಡಿದ್ದಾಗ ಮೂಲೆಯಿಂದ ಡಿಮಾಸ್ ಒದ್ದ ಚೆಂಡಿಗೆ ರಾಹುಲ್ ಭೇಕೆ ತಲೆ ಕೊಟ್ಟರು. ಒಂದು ಗೋಲು, ಬೆಂಗಳೂರಿಗೆ ಮೊದಲ ಐಎಸ್‌ಎಲ್ ಪಟ್ಟ. ಆ ರಾತ್ರಿ ಅಳಿಯ, ಮೊಮ್ಮಗ ಇಬ್ಬರೂ ಸೋಫಾದ ಮೇಲೆ ಕುಣಿದು ಅದರ ಒಂದು ಕಾಲು ಮುರಿದದ್ದು ನಮ್ಮ ಕುಟುಂಬದ ಇತಿಹಾಸದಲ್ಲಿ ದಾಖಲಾಗಿರುವ ಸಂಗತಿ. ಗೋಲು ಹೊಡೆದವರ ಹೆಸರಿನ ಜೆರ್ಸಿ ಬೇಕೆಂದು ಹುಡುಗರೆಲ್ಲ ಕೇಳುತ್ತಿದ್ದರೆ, ಇವನು ಚೆಂಡು ಒದ್ದವರ ಹೆಸರನ್ನು ಕೇಳಿದ. ಅದು ನನಗೆ ಹಿಡಿಸಿತು.

ಮರುವರ್ಷ, 2020ರ ಮಾರ್ಚ್ 1, ಭಾನುವಾರ, ಅಳಿಯನಿಗೆ ಕಚೇರಿಯ ತುರ್ತು ಕೆಲಸ ಬಂದು, ಅವನ ಟಿಕೆಟ್ಟಿನಲ್ಲಿ ನಾನು ಮೊಮ್ಮಗನನ್ನು ಕಂಠೀರವ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗಬೇಕಾಯಿತು. ಯಾರು ಯಾರನ್ನು ಕರೆದೊಯ್ದರೆಂಬುದು ಬೇರೆ ಮಾತು. ಹೆಬ್ಬಾಳದ ಮೇಲ್ಸೇತುವೆ, ಮೇಖ್ರಿ ವೃತ್ತ ದಾಟಿ ಬಸ್ಸು ಕಾರ್ಪೊರೇಷನ್ ಮುಟ್ಟುವಷ್ಟರಲ್ಲಿ ನೀಲಿ ಅಂಗಿಯವರು ಏಳೆಂಟು ಮಂದಿ ನಮ್ಮ ಬಸ್ಸಿನಲ್ಲೇ ಆಗಿದ್ದರು. ನಮ್ಮ ಟಿಕೆಟ್ಟು ಇದ್ದದ್ದು ಪಶ್ಚಿಮದ ಕಟ್ಟೆಗೆ. ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಕರೆದುಕೊಳ್ಳುವ ಅಭಿಮಾನಿಗಳ ಜಾಗ ಅದು. ಅಲ್ಲಿ ಯಾರೂ ಕೂರುವುದಿಲ್ಲ. ತೊಂಬತ್ತು ನಿಮಿಷವೂ ನಿಂತು, ತಮಟೆಯ ಗತ್ತಿಗೆ ಹಾಡುತ್ತ, ಕೂಗುತ್ತ ಇರುತ್ತಾರೆ. ಮೂವತ್ತೈದು ವರ್ಷ "ಸದ್ದು!" ಎಂದು ಗದರಿಸಿದವನಿಗೆ ಇದೊಂದು ಪ್ರಾಯಶ್ಚಿತ್ತದಂತಿತ್ತು.

ಆಟ ಶುರುವಾಗಿ ಹತ್ತು ನಿಮಿಷವಾಗಿರಬಹುದು. ನಾಲ್ಕು ಸಾಲು ಕೆಳಗೆ ಅಂಗಿ ಬಿಚ್ಚಿ ಬೀಸುತ್ತಿದ್ದ ದಪ್ಪನೆಯ ವ್ಯಕ್ತಿಯೊಬ್ಬ ಹಿಂದಿರುಗಿ ನೋಡಿದವನು, ನೋಡುತ್ತಲೇ ನಿಂತು, ಅಂಗಿಯನ್ನು ಗಡಿಬಿಡಿಯಿಂದ ತೊಟ್ಟುಕೊಂಡು ಜನರನ್ನು ತಳ್ಳುತ್ತ ಮೇಲೇರಿ ಬಂದು "ಸಾರ್!" ಎಂದು ಕಾಲು ಮುಟ್ಟಿಯೇಬಿಟ್ಟ. ಸುತ್ತಲಿನವರು ಏನೋ ಹೊಸ ಬಗೆಯ ಸಂಭ್ರಮಾಚರಣೆಯೆಂದು ತಿಳಿದು ಚಪ್ಪಾಳೆ ತಟ್ಟಿದರು. 1993ರ ತಂಡದ ಗೋಲ್‌ಕೀಪರ್ ಅವನು, ಈಗ ಆರ್.ಟಿ. ನಗರದಲ್ಲಿ ಸಣ್ಣದೊಂದು ಮುದ್ರಣಾಲಯ ನಡೆಸುತ್ತಾನೆ. ಈ ತಂಡ 2013ರ ಸೆಪ್ಟೆಂಬರ್‌ನಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ತನ್ನ ಮೊದಲ ಪಂದ್ಯವಾಡಿದ ದಿನದಿಂದಲೂ ನೋಡುತ್ತಿದ್ದಾನಂತೆ.

ವಿರಾಮದಲ್ಲಿ ಅವನು ಕಡಲೆಕಾಯಿ ಕೊಡಿಸಿ ಜಾನ್ ಜಾನ್ಸನ್ ಎಂಬ ಇಂಗ್ಲೆಂಡಿನ ರಕ್ಷಣಾ ಆಟಗಾರನ ಕಥೆ ಹೇಳಿದ. ಮೊದಲ ವರ್ಷದಿಂದ ಐದು ಋತು ಇಲ್ಲೇ ಆಡಿದವರು. 2014 ಮತ್ತು 2016ರ ಐ-ಲೀಗ್ ಪಟ್ಟ ಎರಡರಲ್ಲೂ ಇದ್ದರು. ನಡುವಿನ ವರ್ಷ, 2015ರ ಮೇ 31ರಂದು, ಇದೇ ಕಂಠೀರವದಲ್ಲಿ ಮಳೆಯ ನಡುವೆ ಕೊನೆಯ ಪಂದ್ಯ. ಗೆದ್ದರೆ ಪಟ್ಟ ನಮ್ಮದು. ಜಾನ್ಸನ್ ಗೋಲು ಹೊಡೆದು ಮುನ್ನಡೆ ತಂದುಕೊಟ್ಟಿದ್ದರು. ಮುಗಿಯಲು ಮೂರು ನಿಮಿಷವಿದೆ ಎನ್ನುವಾಗ ಮೋಹನ್ ಬಾಗಾನಿನ ಬೆಲ್ಲೊ ರಝಾಕ್ ಸಮ ಮಾಡಿ ಪಟ್ಟವನ್ನು ಕೋಲ್ಕತ್ತಕ್ಕೆ ಹೊತ್ತೊಯ್ದರು. "ಆವತ್ತು ಮಳೆಯಲ್ಲಿ ಯಾರು ಅಳ್ತಿದಾರೆ ಯಾರು ಇಲ್ಲ ಗೊತ್ತಾಗ್ಲಿಲ್ಲ ಸಾರ್" ಎಂದ. ಅಂಥ ಜಾನ್ಸನ್ 2018ರಲ್ಲಿ ತಂಡ ಬಿಟ್ಟು, ಈ ಸಂಜೆ ನಾವು ಯಾರ ವಿರುದ್ಧ ಕೂಗುತ್ತಿದ್ದೆವೋ ಅದೇ ಎಟಿಕೆ ತಂಡಕ್ಕೆ ಹೋಗಿದ್ದರು. "ಸುದ್ದಿ ಓದಿದ ದಿನ ಮಷೀನ್ ನಿಲ್ಲಿಸಿ ಹೊರಗೆ ಹೋಗಿ ಒಂದು ಟೀ ಕುಡಿದೆ ಸಾರ್. ಯಾರ ಹತ್ತಿರ ಹೇಳೋದು? ಹೆಂಡತಿ ಕೇಳಿದ್ರೆ, ಅವನೇನು ನಿಮ್ಮ ಭಾವಮೈದುನನಾ ಅಂತಾಳೆ."

ಅಂದು ಡೆಶಾರ್ನ್ ಬ್ರೌನ್ ಹೊಡೆದ ಒಂದೇ ಗೋಲಿನಿಂದ ಬೆಂಗಳೂರು ಗೆದ್ದಿತು. ವಾರದ ನಂತರ ಕೋಲ್ಕತ್ತದಲ್ಲಿ 3–1ರಿಂದ ಸೋತು ಹೊರಬಿತ್ತು. ಮರಳುವಾಗ ಬಸ್ಸಿನಲ್ಲಿ ಮೊಮ್ಮಗ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದ. ಅವನ ದನಿ ಬಿದ್ದುಹೋಗಿತ್ತು, ನಿಜ ಹೇಳಬೇಕೆಂದರೆ ನನ್ನದೂ.

ಕಂಠೀರವದಲ್ಲಿ ಅದೇ ಕೊನೆಯಾಗುತ್ತದೆಂದು ಅಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಅದೇ ತಿಂಗಳು ಕೊರೋನಾ ಬಂತು, ಊರಿಗೆ ಊರೇ ಬಾಗಿಲು ಹಾಕಿತು. ಮುಂದಿನ ಎರಡು ಋತುಗಳ ಐಎಸ್‌ಎಲ್ ಪಂದ್ಯಗಳೆಲ್ಲವೂ ಗೋವಾದಲ್ಲಿ, ಬಹುಪಾಲು ಖಾಲಿ ಕುರ್ಚಿಗಳ ಮುಂದೆಯೇ ನಡೆದವು. ಬೆಂಗಳೂರು ತಂಡ ಮತ್ತೆ ಕಂಠೀರವದ ಹುಲ್ಲಿನ ಮೇಲೆ ಲೀಗ್ ಪಂದ್ಯ ಆಡಿದ್ದು 2022ರ ಅಕ್ಟೋಬರ್‌ನಲ್ಲಿ. ಈ ಮಧ್ಯೆ 2020–21ರ ಋತು ತಂಡದ ಪಾಲಿಗೆ ಕೆಟ್ಟದಾಗಿತ್ತು. ಐಎಸ್‌ಎಲ್‌ಗೆ ಬಂದ ಮೇಲೆ ಮೊದಲ ಬಾರಿಗೆ ಪ್ಲೇಆಫ್ ತಲುಪದೆ ಏಳನೆಯ ಸ್ಥಾನದಲ್ಲಿ ನಿಂತಿತು. ಪಟ್ಟ ಗೆಲ್ಲಿಸಿಕೊಟ್ಟಿದ್ದ ತರಬೇತುದಾರ ಕಾರ್ಲೆಸ್ ಕ್ವಾಡ್ರಾಟ್ ಋತುವಿನ ನಡುವೆಯೇ ಹೋದರು. 2021ರ ಬೇಸಿಗೆ, ಮಳೆಗಾಲದಲ್ಲಿ ಒಬ್ಬೊಬ್ಬರಾಗಿ ಹಳಬರು ನಿರ್ಗಮಿಸಿದ ಸುದ್ದಿ ಬಂದಿತು. ಡಿಮಾಸ್ ಹೋದರು. ಆಸ್ಟ್ರೇಲಿಯಾದ ಎತ್ತರದ ಆಳು ಎರಿಕ್ ಪಾರ್ತಾಲು ಹೋದರು. 2016ರಲ್ಲಿ ಬಂದಿದ್ದ ಸ್ಪೇನಿನ ಹ್ವಾನನ್ ಕೂಡ ಹೋಗಿ ಹೈದರಾಬಾದ್ ಸೇರಿದರು. ಹರ್ಮನ್‌ಜೋತ್ ಖಾಬ್ರಾ ಕೇರಳದ ತಂಡಕ್ಕೆ ಹೋದರು. ಬೆಂಗಳೂರಿಗರಿಗೆ ಅದಕ್ಕಿಂತ ದೊಡ್ಡ ಉಪ್ಪುಕಾರ ಇನ್ನೊಂದಿಲ್ಲವಂತೆ!

ಹ್ವಾನನ್ ವಿಷಯದಲ್ಲಿ ಮುದ್ರಣಾಲಯದ ಶಿಷ್ಯ ದೂರವಾಣಿಯಲ್ಲಿ ಬಹಳ ಹೊತ್ತು ಮಾತನಾಡಿದ. 2016ರ ಅಕ್ಟೋಬರ್ 19ರಂದು ಎಎಫ್‌ಸಿ ಕಪ್‌ನ ಉಪಾಂತ್ಯದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು, ಹಿಂದಿನ ವರ್ಷದ ಚಾಂಪಿಯನ್ನರನ್ನು, ಕಂಠೀರವದಲ್ಲಿ 3–1ರಿಂದ ಮಣಿಸಿದ ರಾತ್ರಿ ಅವನು ಅಲ್ಲಿದ್ದನಂತೆ. ಸುನಿಲ್ ಚೆಟ್ರಿ ಎರಡು, ಮೂರನೆಯದು ಹ್ವಾನನ್. ಭಾರತದ ಕ್ಲಬ್ಬೊಂದು ಆ ಪಂದ್ಯಾವಳಿಯ ಅಂತಿಮ ಹಂತ ತಲುಪಿದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡದ ಮುಂದೆ ಒಂದು ಗೋಲಿನಿಂದ ಸೋತರು. "ಕಳಿಸ್ಲಿ ಸಾರ್, ಬೇಡ ಅನ್ನಲ್ಲ. ಆದ್ರೆ ಒಂದ್ಸಲ ನಮ್ಮ ಕಟ್ಟೆ ಮುಂದೆ ಬಂದು ಕೈ ಬೀಸಿ ಹೋಗೋ ಹಾಗಿದ್ದಿದ್ರೆ" ಎಂದು ಅವನು ವಾಕ್ಯವನ್ನು ಅಷ್ಟಕ್ಕೇ ನಿಲ್ಲಿಸಿದ.

ನಮ್ಮ ಮನೆಯಲ್ಲಿ ಅದೇ ವಿಷಯಕ್ಕೆ ಊಟದ ಹೊತ್ತಿನಲ್ಲಿ ಚರ್ಚೆಯಾಯಿತು. ಲಾಕ್‌ಡೌನ್ ಸಡಿಲವಾಗಿ ನಾವೆಲ್ಲ ಮಗಳ ಮನೆಯಲ್ಲಿ ಸೇರಿದ್ದ ಒಂದು ರಾತ್ರಿ. ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸದಲ್ಲಿರುವ ಅಳಿಯ, "ಮೂವತ್ತೆಂಟು ವಯಸ್ಸು. ಒಪ್ಪಂದ ಮುಗೀತು. ತಂಡ ಏಳನೇ ಸ್ಥಾನ. ಬದಲಾಯಿಸದೆ ಇನ್ನೇನು ಮಾಡ್ತಾರೆ? ಇದರಲ್ಲಿ ಬೇಜಾರಿಗೆ ಏನಿದೆ?" ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಕ್ಲಬ್ಬಿನವರು ಹೋದವರಿಗೆ ಸಾರ್ವಜನಿಕವಾಗಿ ಕೃತಜ್ಞತೆ ಹೇಳಿದ್ದರು. ಪ್ರೇಕ್ಷಕರಿಲ್ಲದಂತೆ ಮಾಡಿದ್ದು ರೋಗವೇ ಹೊರತು ಅವರಲ್ಲ. ಅದೇ ಆಗಸ್ಟ್‌ನಲ್ಲಿ ಲಿಯೊನೆಲ್ ಮೆಸ್ಸಿಯಂಥ ಮೆಸ್ಸಿಯೇ ಬಾರ್ಸಿಲೋನಾ ಬಿಡುವಾಗ ತುಂಬಿದ ಕ್ರೀಡಾಂಗಣದ ಬದಲು ಪತ್ರಕರ್ತರ ಮುಂದೆ ನಿಂತು ಕಣ್ಣೊರೆಸಿಕೊಳ್ಳಬೇಕಾಯಿತು.

ಮೊಮ್ಮಗ ತಟ್ಟೆಯಲ್ಲಿ ಅನ್ನ ಕಲಸುತ್ತ ಕುಳಿತಿದ್ದ. ತಂದೆಗೆ ಉತ್ತರ ಕೊಡಲಿಲ್ಲ. ಆಮೇಲೆ ಕೈತೊಳೆದು ಬಂದು ನನ್ನ ಪಕ್ಕ ನಿಂತು ಕೇಳಿದ: "ತಾತ, ನಾವು ಆವತ್ತು ಹೋಗಿದ್ವಲ್ಲ, ಆಗ ನಾವು ಕೂಗಿದ್ದು ಅವರಿಗೆ ಬೈ ಹೇಳಿದ ಲೆಕ್ಕಕ್ಕೆ ಬರತ್ತಾ?"

ಗಣಿತದ ಮೇಷ್ಟ್ರಿಗೆ ಲೆಕ್ಕದ ಪ್ರಶ್ನೆ. ಉತ್ತರ ಹೊಳೆಯಲಿಲ್ಲ. "ಬರಬಹುದು ಕಣೋ" ಎಂದೆ. ಅವನಿಗೆ ಸಮಾಧಾನವಾಗಲಿಲ್ಲವೆಂದು ಕಾಣುತ್ತದೆ. ನನಗಂತೂ ಆಗಲಿಲ್ಲ, ಬೇರೆ ಕಾರಣಕ್ಕೆ.

ಹಿಂದಿನ ಕಾಲದಲ್ಲಿ ಹೀಗಿರಲಿಲ್ಲವೆಂದು ಹೇಳುವುದು ನನ್ನ ವಯಸ್ಸಿನವರಿಗೆ ಸುಲಭ. ಬೆಂಗಳೂರಿನ ಫುಟ್‌ಬಾಲ್ ಬಹುಕಾಲ ಕಾರ್ಖಾನೆಗಳ ಆಶ್ರಯದಲ್ಲಿ ಬೆಳೆದದ್ದು. ದೂರವಾಣಿನಗರದ ಐಟಿಐ, ಎಚ್‌ಎಎಲ್, ಬೆಮೆಲ್, ಎಲ್‌ಆರ್‌ಡಿಇ ಇವೆಲ್ಲ ತಂಡಗಳನ್ನು ಸಾಕಿದ್ದವು. ಚೆನ್ನಾಗಿ ಆಡುವ ಹುಡುಗನಿಗೆ ನೌಕರಿ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಹಾಜರಿ. ಮೊಣಕಾಲು ಸೋತ ಮೇಲೆ ಆತ ಮೈದಾನದಿಂದ ಉಗ್ರಾಣಕ್ಕೋ ಟಪಾಲು ವಿಭಾಗಕ್ಕೋ ಬರುತ್ತಿದ್ದ, ಸಂಬಳ ನಿಲ್ಲುತ್ತಿರಲಿಲ್ಲ. ಅರವತ್ತಕ್ಕೆ ಹಾರ, ಶಾಲು, ಒಂದು ಗಡಿಯಾರ. ನೆರೆಮನೆಯವರಿಗೆ ಆತ ಯಾವಾಗ ಆಟಗಾರನಾಗಿರುವುದನ್ನು ಬಿಟ್ಟ ಎಂಬುದೇ ತಿಳಿಯುತ್ತಿರಲಿಲ್ಲ. ಇದರಲ್ಲೊಂದು ನೆಮ್ಮದಿಯಿತ್ತು, ಒಪ್ಪುತ್ತೇನೆ. ಆದರೆ ಆ ವ್ಯವಸ್ಥೆಯೂ ಉಳಿಯಲಿಲ್ಲ. ಕಾರ್ಖಾನೆಗಳು ಸೊರಗಿದಂತೆ ತಂಡಗಳೂ ಸೊರಗಿದವು. ಐ-ಲೀಗ್‌ನಲ್ಲಿ ಆಡುತ್ತಿದ್ದ ಎಚ್‌ಎಎಲ್ ತಂಡ 2012ರಲ್ಲಿ ಕೆಳಗಿಳಿಯಿತು. ಮರುವರ್ಷ ಜೆಎಸ್‌ಡಬ್ಲ್ಯು ಸಂಸ್ಥೆಯವರ ಈ ಹೊಸ ಕ್ಲಬ್ ಹುಟ್ಟಿತು. ಸಂತೋಷ್ ಟ್ರೋಫಿಯಲ್ಲಿ ಮೈಸೂರು ರಾಜ್ಯ 1968–69ರಲ್ಲಿ ಗೆದ್ದದ್ದೇ ಕೊನೆಯಾಗಿ, ಕರ್ನಾಟಕವೆಂಬ ಹೆಸರಿನಲ್ಲಿ ಅದನ್ನು ಮತ್ತೆ ಎತ್ತಲು 2023ರ ಮಾರ್ಚ್‌ವರೆಗೆ, ರಿಯಾದ್‌ನ ಮೈದಾನದವರೆಗೆ ಕಾಯಬೇಕಾಯಿತು. ಹಾಗಿರುವಾಗ ನೌಕರಿ ಕೊಟ್ಟು ಸಾಕುವುದೇ ಸರಿ, ಒಪ್ಪಂದ ಮುಗಿಸಿ ಕಳಿಸುವುದೇ ತಪ್ಪು ಎಂದು ನಾನು ತೀರ್ಪು ಕೊಡಲಾರೆ.

ಕ್ರಿಕೆಟ್ಟಿನವರಿಗೂ ಈ ನೋವಿನ ಪರಿಚಯವಿದೆ. 2011ರ ಜನವರಿಯ ಐಪಿಎಲ್ ಹರಾಜು ನಿಮಗೆ ನೆನಪಿರಬಹುದು. ಬೆಂಗಳೂರಿನ ತಂಡ ಉಳಿಸಿಕೊಂಡದ್ದು ವಿರಾಟ್ ಕೊಹ್ಲಿ ಒಬ್ಬರನ್ನು. ಅನಿಲ್ ಕುಂಬ್ಳೆ ಹರಾಜಿಗೆ ಮೊದಲೇ ಹಿಂದೆ ಸರಿದಿದ್ದರು. 2008ರಲ್ಲಿ ತಂಡದ ಮೊದಲ ನಾಯಕರಾಗಿದ್ದ ರಾಹುಲ್ ದ್ರಾವಿಡ್ ರಾಜಸ್ಥಾನದ ಪಾಲಾದರು. ಹರಾಜು ನಡೆದದ್ದೂ ನಮ್ಮ ಬೆಂಗಳೂರಿನಲ್ಲೇ! ಸೋಮವಾರ ನಮ್ಮ ಸ್ಟಾಫ್ ರೂಮಿನಲ್ಲಿ ಸೂತಕದ ಕಳೆ. ಯಾವ ಆಟವನ್ನೂ ನೋಡದ ಸಂಸ್ಕೃತದ ಪಂಡಿತರು ಕೂಡ, "ನಮ್ಮ ಮನೆಯ ಅಂಗಳದಲ್ಲೇ ನಮ್ಮ ಹುಡುಗನನ್ನು ಕೂಗಿ ಮಾರಿದರಲ್ಲ ಸ್ವಾಮಿ" ಎಂದರು. ಆ ದಿನ ನಾನೂ ಜೋರಾಗಿಯೇ ಮಾತನಾಡಿದೆ. ಹೀಗೆ ಮಾಡುವವರಿಗೆ ಹೃದಯವೇ ಇಲ್ಲ ಎಂದೆ. ಅಂದು ಸಂಜೆ ಮನೆಗೆ ನಡೆದು ಬರುವಾಗ, ಹದಿನೆಂಟು ವರ್ಷ ಹಿಂದಿನ ಒಂದು ಸೋಮವಾರ ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಈಗ ಆ ವಿಷಯ.

1993ರಲ್ಲಿ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ವರ್ಗವಾಗಿ ಹೋಗಿ ಹೊಸಬರು ಬಂದಿರಲಿಲ್ಲ. ವಲಯ ಮಟ್ಟದ ಪಂದ್ಯಾವಳಿ ಹತ್ತಿರವಾಗಿತ್ತು. "ನೀವು ಯುವಕರು, ನೋಡಿಕೊಳ್ಳಿ" ಎಂದು ಮುಖ್ಯೋಪಾಧ್ಯಾಯರು ಫುಟ್‌ಬಾಲ್ ತಂಡವನ್ನು ನನ್ನ ಕೊರಳಿಗೆ ಕಟ್ಟಿದರು. ಆಫ್‌ಸೈಡ್ ಎಂದರೇನೆಂದು ಹುಡುಗರಿಂದ ಕಲಿತವನು ನಾನು. ತಂಡದಲ್ಲಿ ಎಂಟನೆಯ ತರಗತಿಯಿಂದ ಆಡುತ್ತ ಬಂದಿದ್ದ ಒಬ್ಬ ಹುಡುಗನಿದ್ದ. ಬ್ಯಾಕ್ ಆಟಗಾರ. ಅವನು ಹೆಸರು ಬರೆಯಬೇಡಿರೆಂದು ಕೇಳಿಕೊಂಡಿರುವುದರಿಂದ ಬರೆಯುವುದಿಲ್ಲ. ಆ ತರಗತಿಯವರಿಗೆ ತಿಳಿದೇ ತಿಳಿಯುತ್ತದೆ. ಅವರೂ ಸುಮ್ಮನಿರಬೇಕೆಂದು ಕೋರುತ್ತೇನೆ. ಬೆಳಿಗ್ಗೆ ಆರಕ್ಕೇ ಬಂದು ಮೈದಾನದ ಕಲ್ಲು ಆರಿಸುತ್ತಿದ್ದವನು, ಸುಣ್ಣದ ಗೆರೆ ಎಳೆಯುತ್ತಿದ್ದವನು ಅವನೇ. ತಂದೆ ಇರಲಿಲ್ಲ; ತಾಯಿ ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು.

ಆ ವರ್ಷ ಜೂನ್‌ನಲ್ಲಿ ವಾಯುಪಡೆಯ ನೌಕರರೊಬ್ಬರ ಮಗ ಉತ್ತರದ ಯಾವುದೋ ಊರಿನಿಂದ ವರ್ಗವಾಗಿ ನಮ್ಮ ಶಾಲೆಗೆ ಸೇರಿದ. ಆಡಿದರೆ ಕಣ್ಣು ಕೀಳಲಾಗದಂಥ ಆಟ. ಇವನಿಗಿಂತ ಅವನು ಮೇಲು ಎಂಬುದು ಎರಡು ದಿನದಲ್ಲಿ ನನ್ನಂಥವನಿಗೂ ತಿಳಿಯಿತು. ಹನ್ನೊಂದು ಹೆಸರು ಬರೆಯಬೇಕು, ನಾಲ್ಕು ಮಂದಿ ಹೆಚ್ಚುವರಿ. ಹೆಚ್ಚುವರಿಯವರಲ್ಲಾದರೂ ಇವನನ್ನು ಹಾಕಬಹುದಿತ್ತು. ಮುಂದಿನ ವರ್ಷಕ್ಕೆ ತಯಾರಾಗಲಿ ಎಂದು ಒಂಬತ್ತನೆಯ ತರಗತಿಯವರನ್ನು ಹಾಕಿದೆ. ಲೆಕ್ಕಾಚಾರ ಸರಿಯಾಗಿಯೇ ಇತ್ತು: ಆ ತಂಡ ವಲಯ ಮಟ್ಟದಲ್ಲಿ ಗೆದ್ದು ತಾಲ್ಲೂಕಿಗೆ ಹೋಯಿತು. ಇಂದು ಕೂತು ಬರೆದರೂ ಪಟ್ಟಿಯಲ್ಲಿ ಹೆಚ್ಚಿನ ಬದಲಾವಣೆ ಮಾಡಲಾರೆ.

ಆದರೆ ಪಟ್ಟಿಯನ್ನು ನಾನು ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ನೋಟಿಸ್ ಬೋರ್ಡಿಗೆ ಅಂಟಿಸಿದೆ. ಅಂಟಿಸಿ, ಹಿಂದಿನ ಗೇಟಿನಿಂದ ಹೊರಟು ಬಸ್ಸು ಹತ್ತಿದೆ. ಹುಡುಗರು ಮೈದಾನದಲ್ಲಿದ್ದರು. ಅವನೂ ಇದ್ದ. ಕರೆದು ಒಂದು ಮಾತು ಹೇಳಲು ಐದು ನಿಮಿಷ ಸಾಕಿತ್ತು. ಆ ಐದು ನಿಮಿಷಕ್ಕೆ ಹೆದರಿ ಹಿಂದಿನ ಗೇಟು ಹಿಡಿದೆ. ತರಗತಿಯಲ್ಲಿ ನನ್ನನ್ನು ಕಂಡರೆ ನೀವೆಲ್ಲ ನಡುಗುತ್ತಿದ್ದಿರಿ ಎಂದು ಈಗಲೂ ಹೇಳುತ್ತೀರಿ!

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಅವನು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ಕೈಯಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ದಾರ ಕಟ್ಟಿದ ಪೊಟ್ಟಣ. "ಸಾರ್, ಇದು ಸ್ಕೂಲಿಂದು" ಎಂದ. ತಂಡದ ಬಿಳಿ ಅಂಗಿ ಎಂದು ಮುಟ್ಟಿದಾಗಲೇ ತಿಳಿಯಿತು. "ಸರಿ, ಇಡು" ಎಂದೆನೋ, "ಹೂಂ" ಎಂದೆನೋ. ಪೊಟ್ಟಣವನ್ನು ಹಾಗೆಯೇ ಕಪಾಟಿನಲ್ಲಿ ಹಾಕಿ ಹಾಜರಿ ಪುಸ್ತಕ ತೆಗೆದುಕೊಂಡು ಹೊರಟೆ. ಅವನು ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಅವನಿಗೆ ಒಳ್ಳೆಯ ಅಂಕವೇ ಬಂತು.

ಮೊಮ್ಮಗ 2021ರಲ್ಲಿ ಆ ಪ್ರಶ್ನೆ ಕೇಳಿದ ರಾತ್ರಿ ನನಗೆ ನಿದ್ದೆ ಬರದಿದ್ದುದಕ್ಕೆ ಇದು ಕಾರಣ. ಆದರೂ ಏನನ್ನೂ ಮಾಡಲಿಲ್ಲ. ಈ ನಡುವೆ 2023ರಲ್ಲಿ ಉದಾಂತ ಸಿಂಗ್ ಒಂಬತ್ತು ವರ್ಷದ ನಂಟು ಮುಗಿಸಿ ಗೋವಾಕ್ಕೆ ಹೋದರು. ಮೊಮ್ಮಗ ಆ ಸಲ ಅಷ್ಟು ನೊಂದುಕೊಳ್ಳಲಿಲ್ಲ, ಬೆಳೆದಿದ್ದ. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಸುನಿಲ್ ಚೆಟ್ರಿ ದೇಶದ ತಂಡಕ್ಕೆ ವಿದಾಯ ಹೇಳಿದಾಗ ಕಿಕ್ಕಿರಿದ ಕ್ರೀಡಾಂಗಣ ಎದ್ದು ನಿಂತಿತು. ನಾವಿಬ್ಬರೂ ಟಿವಿಯ ಮುಂದೆ ಎದ್ದು ನಿಂತೆವು. ಮರುವರ್ಷ ಮಾರ್ಚ್‌ನಲ್ಲಿ, ನಿವೃತ್ತ ಮೇಷ್ಟ್ರನ್ನು ಅತಿಥಿ ಶಿಕ್ಷಕರಾಗಿ ಕರೆದಂತೆ, ಅವರನ್ನು ಮತ್ತೆ ಕರೆಸಿಕೊಂಡರು. ಬಂದವರು ಮಾಲ್ಡೀವ್ಸ್ ವಿರುದ್ಧ ಗೋಲನ್ನೂ ಹೊಡೆದರು! ಎಲ್ಲರಿಗೂ ಅಂಥ ಯೋಗವಿರುವುದಿಲ್ಲ.

ಕಳೆದ ತಿಂಗಳು ಆ ನೀಲಿ ಜೆರ್ಸಿಯನ್ನು ಹುಡುಗ ಮಡಿಸುವುದನ್ನು ನೋಡಿದ ಮೇಲೆ ಮನೆಗೆ ಬಂದವನೇ ಮುದ್ರಣಾಲಯದ ಶಿಷ್ಯನಿಗೆ ಫೋನು ಮಾಡಿ ಆ ಹುಡುಗನ ನಂಬರು ಕೇಳಿದೆ. ಹುಡುಗನೇನು ಬಂತು, ನಲವತ್ತೇಳು ವರ್ಷದ ಗೃಹಸ್ಥ. ಯಶವಂತಪುರದ ಮಂಡಿಯಲ್ಲಿ ವ್ಯಾಪಾರ. ನಂಬರು ಸಿಕ್ಕಿ ಮೂರು ದಿನ ಹಾಗೆಯೇ ಇಟ್ಟುಕೊಂಡೆ. ಹಿಂದಿನ ಗೇಟಿನ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ನಾಲ್ಕನೆಯ ದಿನ ಮಾಡಿದೆ.

ದನಿ ಕೇಳಿದೊಡನೆ ಗುರುತು ಹಿಡಿದ. ಕುಶಲ ಪ್ರಶ್ನೆಗಳಾದವು. ಆಮೇಲೆ, "ನೋಡಪ್ಪಾ, 1993ರ ಟೀಮಿನ ಪಟ್ಟಿ…" ಎಂದು ಶುರು ಮಾಡಿದೆ. ಹೇಳಬೇಕೆಂದುಕೊಂಡಿದ್ದ ವಾಕ್ಯಗಳೆಲ್ಲ ಅಡ್ಡಾದಿಡ್ಡಿಯಾದವು. ಅವನು ಸುಮ್ಮನೆ ಕೇಳಿದ. ಹಿಂದೆ ಲಾರಿಯ ಹಾರನ್ನು, ಹಮಾಲರ ಕೂಗು ಕೇಳುತ್ತಿತ್ತು.

"ಪಟ್ಟಿ ವಿಷಯ ಬಿಡಿ ಸಾರ್. ಆ ಹುಡುಗ ನನಗಿಂತ ಚೆನ್ನಾಗಿ ಆಡ್ತಿದ್ದ. ನಂಗೂ ಗೊತ್ತಿತ್ತು" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಅಂಗಿ ನೆನಪಿದೆಯಾ ಸಾರ್?" ಎಂದು ಕೇಳಿದ.

ನೆನಪಿದೆ ಎಂದೆ.

"ಭಾನುವಾರ ಅಮ್ಮ ಅದನ್ನ ಎರಡು ಸಲ ಒಗೆದು, ನೀಲಿ ಹಾಕಿ, ಪಕ್ಕದ ಮನೆಯಿಂದ ಇಸ್ತ್ರಿ ಪೆಟ್ಟಿಗೆ ತಂದು ಇಸ್ತ್ರಿ ಮಾಡಿದ್ರು. ಕಾಲರ್ ಹತ್ರ ಹರಿದಿತ್ತಲ್ಲ, ಹೊಲಿಗೆ ಹಾಕಿದ್ರು. ಮೇಷ್ಟ್ರು ನೋಡ್ತಾರೆ ಅಂತ. ನೀವು ಬಿಚ್ಚಿ ನೋಡ್ಲೇ ಇಲ್ಲ ಸಾರ್. ಸಂಜೆ ಅಮ್ಮ ಕೇಳಿದ್ರು, ಏನಂದ್ರು ಮೇಷ್ಟ್ರು ಅಂತ. ಚೆನ್ನಾಗಿದೆ ಅಂದ್ರು ಅಂತ ಹೇಳಿದೆ."

ಅವನ ದನಿಯಲ್ಲಿ ದೂರು ಇರಲಿಲ್ಲ. ನಾನು ಏನು ಹೇಳಿದೆನೋ ನನಗೆ ಸರಿಯಾಗಿ ನೆನಪಿಲ್ಲ. ತಾಯಿ ಹೇಗಿದ್ದಾರೆಂದು ಕೇಳಿದೆ. ಹೋಗಿ ಆರು ವರ್ಷವಾಯಿತಂತೆ.

ಮುಂದಿನ ತಿಂಗಳು ಅವನ ಮಗಳ ಮದುವೆ. "ನಾನೇ ಬಂದು ಪತ್ರಿಕೆ ಕೊಡ್ತೀನಿ ಸಾರ್, ಮನೆ ಎಲ್ಲಿ?" ಎಂದ. ಯಲಹಂಕ ಉಪನಗರದ ಬಸ್ ನಿಲ್ದಾಣದಲ್ಲಿ ಇಳಿದು ಬರುವ ದಾರಿಯನ್ನು ಹೇಳಿದೆ. ಮನೆಯ ಮುಂದೆ ಹೊಂಗೆಯ ಮರವಿದೆ, ಗೇಟಿಗೆ ಹಸಿರು ಬಣ್ಣ, ಭಾನುವಾರ ಬೆಳಿಗ್ಗೆ ಇಡೀ ಹೊತ್ತು ಮನೆಯಲ್ಲೇ ಇರುತ್ತೇನೆ ಎಂದೆ. ಅಂದು ಮೊಮ್ಮಗನಿಗೂ ಬರಲು ಹೇಳಿದ್ದೇನೆ.